ಹುತ್ತಕ್ಕೆ ಎಂಜಿನಿಯರ್ ಇಲ್ಲ

ಯಲವಿಗಿಯ ನಮ್ಮ ಹೊಲದ ಬದುವಿನಲ್ಲಿ ಎದೆಮಟ್ಟದ ಒಂದು ಹುತ್ತ ಇದೆ. ಹೋದ ರಜೆಯಲ್ಲಿ ಟ್ರ್ಯಾಕ್ಟರ್ ತಿರುಗಿಸುವಾಗ ಅದರ ತುದಿ ಮುರಿಯಿತು. ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಮುರಿದ ಜಾಗಕ್ಕೆ ಆಗಲೇ ಹಸಿ ಮಣ್ಣು ಮೆತ್ತಿತ್ತು. "ಒರಲಿಗೆ ಯಾರರ ಬಂದು ಹೇಳಬೇಕೇನಲೇ?" ಅಂದ ಕಾಕಾ.

ಟೀಮ್‌ವರ್ಕ್ ಸೆಮಿನಾರ್‌ಗಳಲ್ಲಿ ಗೆದ್ದಲಿನ ಚಿತ್ರ ಹಾಕಿ 'ಒಳ್ಳೆ ಲೀಡರ್ ಬೇಕು' ಅಂತ ಹೇಳ್ತಾರಲ್ಲ, ಅದು ಪೂರಾ ಉಲ್ಟಾ. ರಾಣಿ ಮೊಟ್ಟೆ ಇಡುತ್ತಾಳೆ, ಆರ್ಡರ್ ಕೊಡುವುದಿಲ್ಲ. ಒಂದು ಹುಳ ಇಟ್ಟ ಮಣ್ಣಿನ ಉಂಡೆಯೇ ಮುಂದಿನ ಹುಳಕ್ಕೆ ಗುರುತು.

ಆ ಉಂಡೆಯ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕೆಲಸ ಮಾಡಿದ್ದಾರೆ. ನಾವು ಲ್ಯಾಬಿನಲ್ಲಿ ಮಣ್ಣನ್ನು 3 ಮಿಲಿಮೀಟರ್ ದಾರದಂತೆ ಹೊಸೆದು ಬೇಸತ್ತು ಕಂಡುಹಿಡಿಯುವ ಪ್ಲಾಸ್ಟಿಕ್ ಲಿಮಿಟ್ ಇದೆಯಲ್ಲ, ಗೆದ್ದಲು ಉಂಡೆ ಕಟ್ಟುವುದು ಹೆಚ್ಚುಕಡಿಮೆ ಅದೇ ತೇವದಲ್ಲಿ. ವೈವಾ ಭಯ ಮಾತ್ರ ಅದಕ್ಕಿಲ್ಲ. ಮಣ್ಣು ಗಟ್ಟಿಯಾಗಲು ತೇವವೊಂದೇ ಸಾಕಂತೆ. ಆದರೆ ಮಳೆಗೆ ಕರಗದೆ ನಿಲ್ಲಬೇಕಾದರೆ ಹುಳದ ಜೊಲ್ಲೂ ಬೇಕು. ಅಂದರೆ ಪ್ರತಿ ಉಂಡೆಯಲ್ಲೂ ಒಂದೊಂದು ಹುಳ ತನ್ನ ಮೈಯಿಂದ ಏನನ್ನೋ ಕೊಟ್ಟಿರುತ್ತದೆ.

ಹರಾರೆಯಲ್ಲಿ 1996ರಲ್ಲಿ ಮುಗಿದ ಈಸ್ಟ್‌ಗೇಟ್ ಕಟ್ಟಡ ಹುತ್ತ ನೋಡಿ ಕಟ್ಟಿದ್ದು ಅನ್ನುವ ಸ್ಲೈಡ್ ನಮ್ಮ ಪ್ರತಿ ಪ್ರೆಸೆಂಟೇಷನ್‌ನಲ್ಲೂ ಬರುತ್ತದೆ. ಗಾಳಿಯಾಟ ಕಲಿತೆವು, ಸರಿ. ಹುತ್ತ ನಿಂತಿರುವುದು ದಿನಾ ನಡೆಯುವ ರಿಪೇರಿಯಿಂದ, ಅದು ಯಾವ ಸ್ಲೈಡಿನಲ್ಲೂ ಇಲ್ಲ. ನಮ್ಮ ಸಿಲಬಸ್ ತುಂಬ ಹೊಸದಾಗಿ ಕಟ್ಟುವುದೇ. ಹಾಸ್ಟೆಲ್ ಮೆಟ್ಟಿಲ ಹತ್ತಿರ ನಲ್ಲಿ ಸೋರುತ್ತಿದ್ದರೆ ನಾನೂ ಸೇರಿ ಎಲ್ಲರೂ ದಾಟಿಕೊಂಡು ಹೋಗ್ತೇವೆ.

ಗೆದ್ದಲನ್ನು ದೇವರು ಮಾಡುತ್ತಿಲ್ಲ. ನಮ್ಮ ಬಾಗಿಲ ಚೌಕಟ್ಟು ತಿಂದದ್ದೂ ಅದೇ.

ಆದರೆ ಮೊದಲು ಊರಲ್ಲಿ ಮಳೆಗಾಲಕ್ಕೆ ಮುಂಚೆ ಮಣ್ಣಿನ ಮಾಳಿಗೆಗಳಿಗೆ ಹೊಸ ಮಣ್ಣು ಹಾಕುತ್ತಿದ್ದರು. ಇವತ್ತು ನಮ್ಮನೆ, ನಾಳೆ ನಿಮ್ಮನೆ, ಕೂಲಿ ಲೆಕ್ಕ ಇರಲಿಲ್ಲ. ಈಗ ಹುಡುಗರೆಲ್ಲ ಹುಬ್ಬಳ್ಳಿ, ಬೆಂಗಳೂರು. 2019ರ ಆಗಸ್ಟಿನಲ್ಲಿ ವರದೆ ಉಕ್ಕಿ, ಮಳೆ ಬಿಡದೆ ಹೊಡೆದಾಗ ಹಾವೇರಿ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆ ಬಿದ್ದವು. ನೆರೆಯ ಮುಂದೆ ಒಂದು ಬುಟ್ಟಿ ಮಣ್ಣು ಏನು ಮಾಡೀತು ಅನ್ನಬಹುದು. ಅಜ್ಜನ ಮನೆಯ ಹಿಂದಿನ ಗೋಡೆ ಕುಸಿದದ್ದು ಮಾತ್ರ ನೆರೆಯಿಂದಲ್ಲ, ವರ್ಷಗಟ್ಟಲೆ ಸೋರಿದ ಮಾಳಿಗೆಯಿಂದ. ನಾನು ಸಿವಿಲ್ ಆರನೇ ಸೆಮಿಸ್ಟರ್. ಆ ಮಾಳಿಗೆಗೆ ಇನ್ನೂ ಒಮ್ಮೆಯೂ ಹತ್ತಿಲ್ಲ.