ಉಸಿರಿನ ಸಾಮಾನಿಗೆ ಡಾಲರ್ ಲೆಕ್ಕ

ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿಗೆ ದೋಣಿಯಲ್ಲಿ ಪ್ರವಾಸಿಗರನ್ನು ಕರೆದೊಯ್ದು ಸಮುದ್ರದೊಳಗೆ ಇಳಿಸುವ ಸ್ಕೂಬಾ ಕಸುಬು ಇಂದು ಭಟ್ಕಳ ತಾಲೂಕಿನ ಎಷ್ಟೋ ಮನೆಗಳಿಗೆ ಅನ್ನ ಹಾಕುತ್ತಿದೆ. ಬೆಂಗಳೂರಿನ ಮಂದಿ ಶನಿವಾರ ಬರುತ್ತಾರೆ, ಬಣ್ಣದ ಮೀನು ನೋಡುತ್ತಾರೆ, ನೀರೊಳಗೆ ಫೋಟೋ ಹೊಡೆಸಿಕೊಂಡು ಭಾನುವಾರ ರಾತ್ರಿಯ ಬಸ್ಸು ಹತ್ತುತ್ತಾರೆ. ಒಳ್ಳೆಯದೇ. ಆದರೆ ಅವರ ಕೈಹಿಡಿದು ಕೆಳಗಿಳಿಸುವ ಹುಡುಗನ ಬಾಯಲ್ಲಿರುವ ಸಾಮಾನು ಎಲ್ಲಿಂದ ಬಂತು, ಅದಕ್ಕೆ ಹಣ ಕೊಟ್ಟವರು ಯಾರು ಎಂದು ಯಾರಾದರೂ ಕೇಳಿದ್ದುಂಟೆ?

ಆ ಸಾಮಾನಿನ ಹೆಸರು ರೆಗ್ಯುಲೇಟರ್. ಬೆನ್ನಿನ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿಯನ್ನು ಮನುಷ್ಯ ಉಸಿರಾಡುವ ಮಟ್ಟಕ್ಕೆ ಇಳಿಸಿ ಬಾಯಿಗೆ ಕೊಡುವ ಯಂತ್ರ ಇದು. 10 ಮೀಟರ್ ಇಳಿದರೆ ಸುತ್ತಲಿನ ಒತ್ತಡ ಇಮ್ಮಡಿಯಾಗುತ್ತದೆ. ಅಲ್ಲಿ ಇದು ಕೈಕೊಟ್ಟರೆ ಮೇಲೆ ಬಂದು ರಿಪೇರಿ ಮಾಡಿಸುತ್ತೇನೆ ಎನ್ನುವ ಹಾಗಿಲ್ಲ. ಸ್ಕೂಬಾಪ್ರೋ, ಮಾರೆಸ್, ಕ್ರೆಸ್ಸಿ ಮುಂತಾಗಿ ಹೆಸರಾದ ತಯಾರಕರೆಲ್ಲ ಹೊರದೇಶದವರು. ಇಲ್ಲೂ ಡೀಲರುಗಳಿದ್ದಾರೆ ನಿಜ, ಆದರೆ ಬೇಕಾದ ಮಾದರಿ ಬೇಕಾದಾಗ ಸಿಗುವುದಿಲ್ಲ. ಹಾಗಾಗಿ ಹುಡುಗರು ಮೊಬೈಲಿನಲ್ಲೇ ವಿದೇಶದ ಅಂಗಡಿ ಹೊಕ್ಕುತ್ತಾರೆ. ಫಜೀತಿ ಶುರುವಾಗುವುದು ಅಲ್ಲಿಂದಲೇ.

ಮೊದಲನೆಯದಾಗಿ ಕಾರ್ಡೇ ನಡೆಯುವುದಿಲ್ಲ. ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಹೊರಡಿಸಿದ ಸುತ್ತೋಲೆಯಂತೆ ಹೊಸ ಕಾರ್ಡು ಕೈಗೆ ಬರುವಾಗ ವಿದೇಶಿ ವ್ಯವಹಾರ ಬಂದ್ ಆಗಿಯೇ ಇರುತ್ತದೆ. ಗ್ರಾಹಕನೇ ಅದನ್ನು ತೆರೆಸಿಕೊಳ್ಳಬೇಕು. ಹುಡುಗ ಬ್ಯಾಂಕಿಗೆ ಹೋಗಿ ಕೇಳಿದರೆ, "ಆ್ಯಪ್‌ನಲ್ಲಿ ಮಾಡ್ಕೊಳ್ಳಿ" ಎಂಬ ಉತ್ತರ. ಆ್ಯಪ್‌ನಲ್ಲಿ ಎಲ್ಲಿ? ಅದನ್ನು ಹೇಳಲು ಕೌಂಟರಿನಲ್ಲಿ ಪುರುಸೊತ್ತಿಲ್ಲ.

ಅಂತೂ ಕಾರ್ಡು ತೆರೆಯಿತು ಅನ್ನಿ. 40 ಸಾವಿರ ರೂಪಾಯಿಗೆ ಸಮನಾದ ಡಾಲರ್ ಬಿಲ್ಲು. ಪಾವತಿಯ ಹೊತ್ತಿಗೆ ಅಂಗಡಿ ನಯವಾಗಿ ಕೇಳುತ್ತದೆ: ಡಾಲರಿನಲ್ಲಿ ಕೊಡುತ್ತೀರೋ, ರೂಪಾಯಿಯಲ್ಲೋ? ನಮ್ಮ ರೂಪಾಯಿಯೇ ಇರಲಿ ಎಂದು ಒತ್ತಿದವನು ಸಾಮಾನ್ಯವಾಗಿ ಕೆಟ್ಟ. ಅಲ್ಲಿ ಡಾಲರಿನ ದರ ಕಟ್ಟುವವರು ತಮ್ಮ ಲಾಭವನ್ನು ಸೇರಿಸಿಯೇ ಕಟ್ಟುತ್ತಾರೆ. ಡಾಲರಿನಲ್ಲೇ ಕೊಟ್ಟರೆ ಬ್ಯಾಂಕಿನ ಕೈ ಬರುತ್ತದೆ. ಅನೇಕ ಕಾರ್ಡುಗಳಲ್ಲಿ ಮಾರ್ಕಪ್ ಶೇ. 3.5ರ ವರೆಗೆ ಇದೆ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ. ಅಂದರೆ 1,400 ಮತ್ತು 252, ಒಟ್ಟು 1,652 ರೂಪಾಯಿ. ಆದರೂ ಎರಡು ದಾರಿಯಲ್ಲಿ ಇದೇ ವಾಸಿ, ಲೆಕ್ಕವಾದರೂ ಕಣ್ಣಿಗೆ ಕಾಣುತ್ತದೆ.

ಓಟಿಪಿ ಬರುವ ಮೊದಲೇ ಹಣ ಹೋಯಿತಲ್ಲ ಎಂದು ಗಾಬರಿಯಾಗುವವರೂ ಇದ್ದಾರೆ. ನಮ್ಮ ದೇಶದ ಓಟಿಪಿ ನಿಯಮ ಹೊರದೇಶದ ವ್ಯಾಪಾರಿಯನ್ನು ಕಟ್ಟಿಹಾಕಿರಲಿಲ್ಲ. ಕಾರ್ಡಿನ ನಂಬರುಗಳಷ್ಟಿದ್ದರೂ ಹಣ ಕಡಿತವಾಗುತ್ತಿತ್ತು. ಹೊರದೇಶದ ವ್ಯಾಪಾರಿ ಕೇಳಿದಲ್ಲಿ ಇಂಥ ಪಾವತಿಗೂ ಹೆಚ್ಚುವರಿ ದೃಢೀಕರಣ ನಡೆಸುವ ವ್ಯವಸ್ಥೆಯನ್ನು 2026ರ ಅಕ್ಟೋಬರ್ 1ರೊಳಗೆ ಮಾಡಿಕೊಳ್ಳಿ ಎಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಬ್ಯಾಂಕುಗಳಿಗೆ ಅಪ್ಪಣೆ ಮಾಡಿತು. ಗುರುತು ಪರಿಚಯವಿಲ್ಲದ, ಅರ್ಧ ಬೆಲೆಯ ಅಂಗಡಿಗೆ ಕಾರ್ಡು ನಂಬರು ಕೊಡುವ ಮುನ್ನ ಇದನ್ನು ನೆನೆಯಬೇಕು.

ಹಣ ಸಂದಾಯವಾಯಿತು, ಇನ್ನೇನು ಪಾರ್ಸೆಲ್ ಬಂದೇ ಬಿಟ್ಟಿತು ಎಂದು ಕೂತರೆ ಬರುವುದು ಕೊರಿಯರ್ ಕಂಪನಿಯ ಫೋನು. ಸುಂಕ ಕಟ್ಟಿ, ಗುರುತಿನ ಚೀಟಿ ಕಳಿಸಿ! ಸುಂಕದ ಲೆಕ್ಕ ಸಾಮಾನಿನ ಬೆಲೆಗೆ ಮಾತ್ರವಲ್ಲ, ಸಾಗಣೆ ಮತ್ತು ವಿಮೆಯನ್ನೂ ಸೇರಿಸಿ. ಅದರ ಮೇಲೆ ಮೂಲ ಸುಂಕ, ಎಲ್ಲವೂ ಕೂಡಿದ ಮೊತ್ತದ ಮೇಲೆ ಐಜಿಎಸ್‌ಟಿ. ತೆರಿಗೆಯ ಮೇಲೆ ತೆರಿಗೆ ಎನ್ನುವುದು ಇದಕ್ಕೇ. ಸಾಲದ್ದಕ್ಕೆ ಕೊರಿಯರಿನವರ ನಿರ್ವಹಣಾ ಶುಲ್ಕ ಬೇರೆ. "ಗಿಫ್ಟ್ ಅಂತ ಬರೆಸಿ ಕಳಿಸು ಮಾರಾಯ" ಎಂದು ಉಪಾಯ ಹೇಳುವ ಬುದ್ಧಿವಂತರು ಊರಲ್ಲಿ ಇನ್ನೂ ಇದ್ದಾರೆ. 5 ಸಾವಿರದ ವರೆಗಿನ ಗಿಫ್ಟಿಗೆ ಇದ್ದ ಆ ರಿಯಾಯಿತಿಯ ಬಾಗಿಲು 2019ರ ಡಿಸೆಂಬರಿನಲ್ಲೇ ಮುಚ್ಚಿದೆ. ಸುಳ್ಳು ಬೆಲೆ ಬರೆಸಿ ಸಿಕ್ಕಿಬಿದ್ದರೆ ಸಾಮಾನೂ ಹೋಯಿತು, ದಂಡವೂ ಬಂತು.

ಭಟ್ಕಳದವರಿಗೆ ದುಬೈ ದಾರಿ ಗೊತ್ತು. ಊರಿಗೆ ಬರುವ ಅಣ್ಣನೋ ಮಾವನೋ ಅಲ್ಲೇ ಕೊಂಡು ಬ್ಯಾಗಿನಲ್ಲಿ ತರುವುದುಂಟು. ನಿಯಮದ ಮಿತಿಯೊಳಗಿದ್ದರೆ ತಪ್ಪೇನಿಲ್ಲ. ಆದರೆ ಗಲ್ಫಿನಲ್ಲಿ ಅಣ್ಣನಿಲ್ಲದ ಮೀನುಗಾರರ ಮನೆಯ ಹುಡುಗ ಏನು ಮಾಡಬೇಕು?

ಅವನು ಮಾಡುವುದು ಒಂದೇ: ಅಗ್ಗದ್ದು ಹುಡುಕುತ್ತಾನೆ. ಎಲ್ಲಿಯದೋ ಹೆಸರಿಲ್ಲದ ಮಾಲು, ಇಲ್ಲವೇ ಯಾರೋ ಬಳಸಿ ಬಿಟ್ಟದ್ದು. ಅದಕ್ಕೆ ಬಿಡಿಭಾಗ ಸಿಗದು, ಗ್ಯಾರಂಟಿ ಇರದು, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಆಗಬೇಕಾದ ಸರ್ವೀಸೂ ಆಗದು. ಅದನ್ನೇ ಬಾಯಿಗಿಟ್ಟುಕೊಂಡು, ಈಜು ಬಾರದ ಪ್ರವಾಸಿಯ ಜೀವಕ್ಕೂ ತಾನೇ ಹೊಣೆ ಹೊತ್ತು ಇಳಿಯುತ್ತಾನೆ.

ಇಲ್ಲಿ ಸ್ಕೂಬಾ ಕೇಂದ್ರಗಳ ಮಾಲೀಕರು ಬಾಯಿ ಬಿಡಬೇಕು. ಹುಡುಗ ತನ್ನ ಹೆಸರಿನಲ್ಲಿ ತರಿಸಿದರೆ ಕಟ್ಟಿದ ಐಜಿಎಸ್‌ಟಿ ಕಟ್ಟಿದ್ದೇ, ಹಿಂದೆ ಬರುವುದಿಲ್ಲ. ಜಿಎಸ್‌ಟಿ ನೋಂದಣಿಯಿರುವ ಕೇಂದ್ರ ತನ್ನ ಕಸುಬಿಗೆಂದು ತರಿಸಿದರೆ ಆ ಐಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಮೂಲ ಸುಂಕ ಮಾತ್ರ ಮೈಮೇಲೆ. ಅದಕ್ಕೆ ಬೇಕಾದ ಆಮದು-ರಫ್ತು ಕೋಡಿನ ಅರ್ಜಿ ಶುಲ್ಕ 500 ರೂಪಾಯಿ. ಒಬ್ಬ ಪ್ರವಾಸಿಯಿಂದ ಒಂದು ಮುಳುಗಿಗೆ ವಸೂಲು ಮಾಡುವುದು ಇದರ ಎಷ್ಟು ಪಟ್ಟು ಎಂಬುದು ಮಾಲೀಕರಿಗೇ ಗೊತ್ತು. ನಾಲ್ಕು ಕೇಂದ್ರಗಳು ಸೇರಿ ಒಟ್ಟಿಗೆ ಆರ್ಡರ್ ಮಾಡಿದರೆ ಸಾಗಣೆಯ ಖರ್ಚೂ ಹಂಚಿಹೋಗುತ್ತದೆ, ವ್ಯಾಪಾರಿಯೂ ಬೆಲೆಯಲ್ಲಿ ಸ್ವಲ್ಪ ಬಗ್ಗುತ್ತಾನೆ.

ಪ್ರವಾಸೋದ್ಯಮ ಇಲಾಖೆಯವರು ನೇತ್ರಾಣಿಯ ಚಿತ್ರವನ್ನು ಪೋಸ್ಟರಿಗೆ ಹಾಕಿದರೆ ಸಾಲದು. ಕೇಂದ್ರಗಳಲ್ಲಿ ರೆಗ್ಯುಲೇಟರ್ ಯಾರ ಹೆಸರಿನಲ್ಲಿದೆ, ಕಡೆಯ ಸರ್ವೀಸ್ ಯಾವಾಗ ಆಯಿತು ಎಂದು ಬಿಲ್ಲು ಸಹಿತ ತೋರಿಸಿ ಎಂದು ಕೇಳಲಿ. ಮಳೆಗಾಲದಲ್ಲಿ ಹೇಗೂ ದೋಣಿ ಹೊರಡುವುದಿಲ್ಲ. ಸಾಮಾನು ತರಿಸುವುದಕ್ಕೂ, ಹಳೆಯದನ್ನು ಸರ್ವೀಸಿಗೆ ಕಳಿಸುವುದಕ್ಕೂ ಆ ತಿಂಗಳುಗಳಿವೆ. ಮಳೆ ನಿಂತು ಮೊದಲ ದೋಣಿ ಹೊರಡುವ ದಿನ ಅಧಿಕಾರಿಗಳು ದಡದಲ್ಲಿ ನಿಂತು ಆ ಬಿಲ್ಲುಗಳನ್ನು ನೋಡಲಿ.