ವೈದ್ಯರ ಮೂಲೆ: ಅಮ್ಮನ ಜಾಡಿ, ಸ್ಪೇನಿನ ಟ್ಯಾಂಕು

ಪ್ರತಿ ಸಲ ಸಕ್ಕರೆ ಕಾಯಿಲೆ, ಬಿ.ಪಿ. ಎಂದು ನಿಮ್ಮ ಹೋಳಿಗೆಗೆ ಅಡ್ಡ ಬರುವ ಈ ವೈದ್ಯ ಈ ಬಾರಿ ಉಪ್ಪಿನ ಬಗ್ಗೆ ಬರೆಯುತ್ತಿದ್ದಾನೆ. ಹೆದರಬೇಡಿ, ನಿಮ್ಮ ಎಲೆಯ ತುದಿಯ ಉಪ್ಪಿಗೆ ಕೈ ಹಾಕುವುದಿಲ್ಲ.

2018ರಲ್ಲಿ ಊರಿನಿಂದ ಹೊರಡುವಾಗ ಅಮ್ಮ ಪಿಂಗಾಣಿ ಜಾಡಿಯಲ್ಲಿ ಮಿಡಿ ಉಪ್ಪಿನಕಾಯಿ ತುಂಬಿಟ್ಟಿದ್ದರು. ಲಗೇಜಿನ ತೂಕ ನೋಡಿ ನಾನು ಅದನ್ನು ಸ್ಟೀಲ್ ಡಬ್ಬಿಗೆ ಸುರಿದೆ. "ಬೇಡವೋ, ಉಪ್ಪು ತಿಂದುಬಿಡುತ್ತೆ" ಎಂದರು. "ಇದು ಸ್ಟೇನ್‌ಲೆಸ್ ಅಮ್ಮ" ಎಂದೆ. ಬೆಸ್ಟ್‌ನ ಮನೆಯಲ್ಲಿ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಡಬ್ಬಿ ಇಟ್ಟೆವು. ಅಷ್ಟರಲ್ಲಿ ಅಮ್ಮ ತೀರಿಕೊಂಡರು. ಡಬ್ಬಿ ತೆರೆಯಲು ಮನಸ್ಸಾಗಲಿಲ್ಲ. ವರ್ಷದ ಕಾರ್ಯ ಮುಗಿಸಿ ಬಂದು ತೆರೆದರೆ ಒಳಗೆಲ್ಲ ಸೂಜಿಮೊನೆಯಂಥ ಕುಳಿಗಳು, ಕಂದು ಕಲೆ. ಅಮ್ಮ ಹಾಕಿದ ಕೊನೆಯ ಉಪ್ಪಿನಕಾಯಿಯನ್ನು ನನ್ನ ಕೈಯಾರೆ ಕಸಕ್ಕೆ ಹಾಕಿದೆ.

ಸ್ಟೇನ್‌ಲೆಸ್ ಸ್ಟೀಲನ್ನು ಕಾಯುವುದು ಅದರ ಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ. ಉಪ್ಪಿನ ಕ್ಲೋರೈಡ್ ಹುಳಿಯ ಜೊತೆ ಸೇರಿ ಆ ಪೊರೆಯನ್ನು ಅಲ್ಲಲ್ಲಿ ಒಡೆಯುತ್ತದೆ. ನಮ್ಮ ದೇಹದ ದ್ರವದಲ್ಲೂ ಕ್ಲೋರೈಡ್ ಇದೆ. ಅದಕ್ಕೇ ಮೂಳೆಗೆ ಹಾಕುವ ಪ್ಲೇಟು, ಸ್ಕ್ರೂಗಳಿಗೆ ಟೈಟಾನಿಯಂ ಅಥವಾ ಮಾಲಿಬ್ಡಿನಂ ಬೆರೆಸಿದ 316ಎಲ್ ಸ್ಟೀಲನ್ನು ಆರಿಸುತ್ತಾರೆ.

ಸೂರ್ಯನ ಶಾಖ ಕೂಡಿಡುವವರಿಗೂ ಇದೇ ತಲೆನೋವು. ಸ್ಪೇನಿನಲ್ಲಿ 2011ರಲ್ಲಿ ಆರಂಭವಾದ ಗೆಮಾಸೋಲಾರ್ ಸ್ಥಾವರದ ಟ್ಯಾಂಕಿನಲ್ಲಿ ಕರಗಿದ ಉಪ್ಪು ಹಿಡಿದಿಡುವ ಶಾಖ, ಬಿಸಿಲಿಲ್ಲದೆಯೂ 15 ಗಂಟೆ ವಿದ್ಯುತ್ತಿಗೆ ಸಾಕು. ಅದು ಅಡುಗೆ ಉಪ್ಪಲ್ಲ. ಇಂಥ ಕಡೆ ಬಳಸುವುದು 60 ಪಾಲು ಸೋಡಿಯಂ ನೈಟ್ರೇಟ್, 40 ಪಾಲು ಪೊಟ್ಯಾಸಿಯಂ ನೈಟ್ರೇಟ್. ಸುಮಾರು 290 ಡಿಗ್ರಿಯ ಟ್ಯಾಂಕಿಗೆ ಸಾಧಾರಣ ಉಕ್ಕು ಸಾಕು. 565 ಡಿಗ್ರಿಯದಕ್ಕೆ ಸ್ಟೇನ್‌ಲೆಸ್ ಬೇಕು. ಉಪ್ಪಿನಲ್ಲಿ ಕ್ಲೋರೈಡ್ ಕಲ್ಮಶ ಹೆಚ್ಚಿದಷ್ಟೂ ಸವೆತ ಹೆಚ್ಚು. ಜೊತೆಗೆ ಕಾದು ಹಿಗ್ಗಿ, ಆರಿ ಕುಗ್ಗುವ ಎಳೆತವನ್ನೂ ಟ್ಯಾಂಕು ತಾಳಬೇಕು. ಅಮೆರಿಕದ ಕ್ರೆಸೆಂಟ್ ಡ್ಯೂನ್ಸ್‌ನಲ್ಲಿ 2016ರಲ್ಲಿ ಬಿಸಿ ಟ್ಯಾಂಕು ಸೋರಿ, ಸುಮಾರು ಎಂಟು ತಿಂಗಳು ಸ್ಥಾವರವೇ ನಿಂತಿತ್ತು.

ನಮ್ಮ ಪಕ್ಕದ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯ, ಟಿಎನ್‌ಒ ಸಂಸ್ಥೆಯೊಂದಿಗೆ ಸೇರಿ ಮನೆಗಳಿಗಾಗಿ ಬೇರೊಂದು ದಾರಿ ಹಿಡಿದಿದೆ. ಅಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಉಪ್ಪನ್ನು ಕರಗಿಸುವುದಿಲ್ಲ; ಒಣಗಿದ ಉಪ್ಪು ನೀರಾವಿ ಹೀರಿ ಶಾಖ ಬಿಡುತ್ತದೆ.

ಇನ್ನು ನಿಮಗೆ ವೈದ್ಯರ ಚೀಟಿ: ಉಪ್ಪಿನಕಾಯಿ ಗಾಜು ಇಲ್ಲವೇ ಪಿಂಗಾಣಿಯಲ್ಲೇ ಇರಲಿ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಣಸೆಹುಳಿಯ ಸಾರು ಬೇಡ. ತಾಮ್ರ ಬಿಟ್ಟುಕೊಂಡು ಹೊಟ್ಟೆನೋವು, ವಾಂತಿ ಆದೀತು.

ಎಂ.ಡಿ. ಓದಿದ ನನಗೆ ಹೊಳೆಯದ್ದು ಅಮ್ಮನಿಗೆ ಗೊತ್ತಿತ್ತು. ಆ ಜಾಡಿ ಈಗಲೂ ಊರಿನ ಅಡುಗೆಮನೆಯಲ್ಲಿದೆ. ಮುಂದಿನ ಸಲ ಬಟ್ಟೆ ಬಿಟ್ಟಾದರೂ ಅದನ್ನು ತರುತ್ತೇನೆ.

– ನಿಮ್ಮ ವೈದ್ಯಮಿತ್ರ, ಬೆಸ್ಟ್