ನಕಾಶೆಯ ಹಾಸು ಹೊಕ್ಕು

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಮಾಸ್ತರರು ಒಂದು ದಿನ, "ಉತ್ತರ ದಿಕ್ಕು ಎಲ್ಲಿದೆ, ತೋರಿಸು" ಎಂದರು. ನಾನು ಧೈರ್ಯವಾಗಿ ಎದ್ದು ನಿಂತು ಮಾಳಿಗೆಯ ಕಡೆಗೆ ಬೆರಳೆತ್ತಿದೆ. ವರ್ಗವೆಲ್ಲ ನಕ್ಕಿತು. ಈಗ ನೆನೆದರೆ ನನಗೂ ನಗೆ ಬರುತ್ತದೆ. ಆದರೆ ಆ ತಪ್ಪು ನನ್ನೊಬ್ಬಳದೇ ಎಂದು ನಾನು ಒಪ್ಪಲಾರೆ. ಗೋಡೆಗೆ ತೂಗುಹಾಕಿದ್ದ ನಕಾಶೆಯಲ್ಲಿ ಹಿಮಾಲಯ ಮೇಲಿತ್ತು, ಮೇಲಿರುವುದೇ ಉತ್ತರವೆಂದು ನಮಗೆ ಕಲಿಸಿದ್ದರು. ಆ ನಕಾಶೆಯನ್ನು ಒಂದೇ ಒಂದು ದಿನ ನೆಲಕ್ಕೆ ಇಳಿಸಿ, ಹೊತ್ತು ಮೂಡುವ ದಿಕ್ಕನ್ನು ನೋಡಿ, ಅದನ್ನು ಸರಿಯಾಗಿ ಹಾಸಿದ್ದರೆ ಉತ್ತರವು ಆಕಾಶದಲ್ಲಿಲ್ಲ, ನಮ್ಮ ಸಾಲೆಯ ಬಾವಿಯ ಆಚೆಗಿದೆ ಎಂದು ನನಗೆ ತಿಳಿಯುತ್ತಿತ್ತು.

ಎಸ್.ಎಸ್.ಎಲ್.ಸಿ.ಗೆ ಬರುವಷ್ಟರಲ್ಲಿ ಭಾರತದ ಹೊರರೇಖೆಯನ್ನು ಕಣ್ಣುಮುಚ್ಚಿ ಬರೆಯುವಷ್ಟು ಕೈ ಪಳಗಿತ್ತು. ಬಂದರುಗಳಿಗೆ ಚುಕ್ಕೆ ಇಟ್ಟು, ನದಿಗಳಿಗೆ ಗೆರೆ ಎಳೆದು ಪರೀಕ್ಷೆಯಲ್ಲಿ ಅಂಕಗಳನ್ನೂ ಪಡೆದೆ. ಆದರೆ ಹತ್ತು ವರುಷ ಓದಿದ ನಾನು ನನ್ನ ಸ್ವಂತ ಊರಾದ ಇಳಕಲ್ಲಿನ ನಕಾಶೆಯನ್ನು ಒಮ್ಮೆಯೂ ಕಂಡಿರಲಿಲ್ಲ! ನಕಾಶೆ ಬರೆಯುವುದು ಬಂದಿತ್ತು, ಓದುವುದು ಬಂದಿರಲಿಲ್ಲ. ಇದು ವಿದ್ಯೆಯೇ?

ಇದನ್ನು ಕೇವಲ ಸಾಲೆಯ ಮಾತೆಂದು ಓದುಗರು ತಿಳಿಯಬಾರದು. ನನ್ನ ತಾಯಿಯ ತವರು ಬಾಗಲಕೋಟೆಯ ಹತ್ತಿರ ಘಟಪ್ರಭೆಯ ದಂಡೆಯಲ್ಲಿತ್ತು. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಬಹುಭಾಗ ಹೋದಂತೆ ಅಜ್ಜನ ಹೊಲವೂ ಹೋಯಿತು. ಆಗ ಒಂದು ಕಚೇರಿಯಲ್ಲಿ ಅವನ ಮುಂದೆ ದೊಡ್ಡದೊಂದು ನಕಾಶೆಯನ್ನು ಬಿಡಿಸಿದರಂತೆ. "ಸಾಹೇಬ್ರ, ಇದರಾಗ ನನ್ನ ಬಾವಿ ಎಲ್ಲೈತ್ರಿ?" ಎಂದು ಅಜ್ಜ ಕೇಳಿದ. "ಗೆರಿ ಒಳಗ ಐತೆಪಾ, ಹೆಬ್ಬಟ್ಟು ಒತ್ತು" ಎಂಬ ಉತ್ತರ ಬಂತು. ಅವನು ಒತ್ತಿದ. ಹೊಲ ಹೋದದ್ದಕ್ಕಿಂತ, ಆ ಹಾಳೆಯಲ್ಲಿ ತನ್ನ ಬಾವಿ ಎಲ್ಲಿತ್ತೆಂಬುದು ತಿಳಿಯದೆ ಹೋದದ್ದೇ ಅವನ ಮನಸ್ಸಿನಲ್ಲಿ ಕೊನೆಯವರೆಗೆ ಕೊರೆಯುತ್ತಿತ್ತೆಂದು ಅವ್ವ ಹೇಳುತ್ತಾಳೆ.

ಆ 'ಗೆರೆ' ಯಾವುದು? ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತಿ ರೇಖೆ. ಆಲಮಟ್ಟಿಯಲ್ಲಿ ಈಗ ನೀರು ನಿಲ್ಲಿಸುವ ಪೂರ್ಣಮಟ್ಟ 519.60 ಮೀಟರು. ಇದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ಕೊಟ್ಟಿತು. ನಡುವಿನ ಅಂತರ ಐದು ಮೀಟರೂ ಇಲ್ಲ. ಆದರೆ ಆ ಅಂತರದೊಳಗೆ ಎಷ್ಟು ಹೊಲ, ಎಷ್ಟು ಮನೆ, ಎಷ್ಟು ಗುಡಿ! ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ಟೋಪೋಶೀಟಿನಲ್ಲಿ ಈ ರೇಖೆಗಳನ್ನು ಸಾಮಾನ್ಯವಾಗಿ 20 ಮೀಟರಿಗೆ ಒಂದರಂತೆ ಎಳೆದಿರುತ್ತಾರೆ. ಹಾಗಾದರೆ ಐದು ಮೀಟರಿನ ನಿರ್ಣಯಕ್ಕೆ ಆ ಹಾಳೆ ಸಾಲದು, ಇನ್ನೂ ದೊಡ್ಡ ಪ್ರಮಾಣದ ನಕಾಶೆಯನ್ನು ತೋರಿಸಿರೆಂದು ಕೇಳಬೇಕು. ಹೀಗೆ ಕೇಳಬಲ್ಲ ಒಬ್ಬ ಮೊಮ್ಮಗಳು ಅಂದು ಅಜ್ಜನ ಪಕ್ಕದಲ್ಲಿದ್ದಿದ್ದರೆ? ಹೊಲ ಉಳಿಯುತ್ತಿರಲಿಕ್ಕಿಲ್ಲ. ಮರ್ಯಾದೆಯಾದರೂ ಉಳಿಯುತ್ತಿತ್ತು.

ಆದ್ದರಿಂದ ನಕಾಶೆ ಓದುವುದನ್ನು ಅಕ್ಷರ, ಮಗ್ಗಿಗಳ ಜೊತೆಗೇ ಸಣ್ಣ ಮಕ್ಕಳಿಗೆ ಕಲಿಸಬೇಕೆಂಬುದು ನನ್ನ ಅಭಿಪ್ರಾಯ. ಅಷ್ಟು ಸಣ್ಣವರಿಗೆ ಅದು ಕಠಿಣವೆಂದು ಕೆಲವರು ಹೇಳುತ್ತಾರೆ. ಅವರು ನಮ್ಮ ಓಣಿಗೆ ಬಂದು ನೋಡಲಿ. ಎಂಟು ವರುಷದ ಹುಡುಗಿ ಅಂಗಳದಲ್ಲಿ ಏಳು ಸಾಲು ಏಳು ಚುಕ್ಕೆ ಇಟ್ಟು, ಒಂದೂ ತಪ್ಪದೆ ರಂಗೋಲಿಯನ್ನು ಕೂಡಿಸುತ್ತಾಳೆ. ಚೌಕದ ಲೆಕ್ಕ ಅದಲ್ಲದೆ ಮತ್ತೇನು? ನಮ್ಮ ಅವ್ವಂದಿರು ಸೀರೆಯ ಮೇಲೆ ಕಸೂತಿ ಹಾಕುವಾಗ ಕೆಳಗೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ. ಒಂದು ಬೆರಳಿನ ಜಾಗದಲ್ಲಿ ಇಡೀ ತೇರು ನಿಲ್ಲುತ್ತದೆ, ನೋಡಿದವರೆಲ್ಲ ಅದು ತೇರೆಂದೇ ಗುರುತಿಸುತ್ತಾರೆ. ಸಂಕೇತವೆಂದರೆ ಇದೇ. ಇನ್ನು ನನ್ನ ಅಪ್ಪನ ಮಗ್ಗ. ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಭೂಮಿಯ ಮೇಲೆ ಪಂಡಿತರು ಕಲ್ಪಿಸಿದ ರೇಖಾಂಶಗಳು ಹಾಸು, ಅಕ್ಷಾಂಶಗಳು ಹೊಕ್ಕು. ಕಾಲೇಜಿನಲ್ಲಿ ಈ ಪಾಠವನ್ನು ಕೇಳಿದ ದಿನ ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಸಾಲೆಯ ಮೆಟ್ಟಿಲು ಹತ್ತದ ಅಪ್ಪ ಲಾಳಿ ನಿಲ್ಲಿಸಿ, "ಹಂಗಾರ ಎರಡೂ ಕೂಡಿದಲ್ಲಿ ಊರು ಸಿಗತೈತಿ ಅನ್ನು" ಎಂದ. ನಾನು ಮೂರು ವರುಷ ಓದಿ ತಿಳಿದದ್ದು ಅವನಿಗೆ ಮೂರು ಮಾತಿನಲ್ಲಿ ತಿಳಿಯಿತು.

ಹೋದ ವರುಷ ನಮ್ಮ ಎನ್.ಎಸ್.ಎಸ್. ಶಿಬಿರ ಹುನಗುಂದದ ಕಡೆಯ ಒಂದು ಹಳ್ಳಿಯಲ್ಲಿ ನಡೆಯಿತು. ಅಲ್ಲಿಯ ಮಕ್ಕಳನ್ನು ಕೂಡಿಸಿಕೊಂಡು ಗುಡಿಯ ಮುಂದಿನ ಹಾಸುಗಲ್ಲಿನ ಮೇಲೆ ಸುಣ್ಣದಿಂದ ಐದಕ್ಕೆ ಐದು ಚೌಕಗಳನ್ನು ಎಳೆದೆವು. ಅಡ್ಡಕ್ಕೆ ಅ, ಆ, ಇ, ಈ, ಉ. ಉದ್ದಕ್ಕೆ 1ರಿಂದ 5. ಮೊದಲು ಅಕ್ಷರ, ಆಮೇಲೆ ಅಂಕಿ ಎಂಬುದೊಂದೇ ನಿಯಮ. ಸಂಕೇತಗಳನ್ನು ಅವರೇ ಕಟ್ಟಿದರು. ಗುಡಿಗೆ ಗೋಪುರ, ಬಾವಿಗೆ ಬಳೆ, ಹಿಟ್ಟಿನ ಗಿರಣಿಗೆ ರೊಟ್ಟಿ! ಬಾವಿಗೂ ರೊಟ್ಟಿಗೂ ದುಂಡನೆಯ ಗುರುತೇ ಬಂದು ಜಗಳವಾಯಿತು. ಕೊನೆಗೆ ಗುರುತುಗಳ ಅರ್ಥವನ್ನು ಮೂಲೆಯಲ್ಲಿ ಬರೆದಿಡಬೇಕೆಂದು ಅವರೇ ಗೊತ್ತುಮಾಡಿದರು. ನಕಾಶೆಯ ಮೂಲೆಯಲ್ಲಿ ಸೂಚಿ ಏಕಿರುತ್ತದೆಂದು ನಾವು ಬಾಯಿಪಾಠ ಮಾಡಿಸಲಿಲ್ಲ, ಜಗಳವೇ ಕಲಿಸಿತು.

ಎಲ್ಲರೂ ತಮ್ಮ ಮನೆಯ ಚೌಕವನ್ನು ಹೇಳುತ್ತಿದ್ದಾಗ ಒಬ್ಬ ಹುಡುಗಿ ಸುಮ್ಮನೆ ನಿಂತಿದ್ದಳು. ಕೇಳಿದರೆ, "ಅಕ್ಕಾರ, ನಮ್ಮ ಮನಿ ಇದರಾಗ ಇಲ್ರೀ" ಎಂದಳು. ಅವಳ ಕೇರಿ ಹಳ್ಳದ ಆಚೆಗಿತ್ತು. ನಾವು ಚೌಕಗಳನ್ನು ಹಳ್ಳದ ಈಚೆಗೇ ಮುಗಿಸಿಬಿಟ್ಟಿದ್ದೆವು. ನನ್ನ ಮುಖ ಕೆಂಪಾಯಿತು. ಅಜ್ಜನ ಮುಂದೆ ನಕಾಶೆ ಬಿಡಿಸಿದವರಿಗೂ ನನಗೂ ಆ ಗಳಿಗೆಯಲ್ಲಿ ಏನು ವ್ಯತ್ಯಾಸವಿತ್ತು? ಸುಣ್ಣ ತಂದು ಊ ಎಂಬ ಇನ್ನೊಂದು ಸಾಲನ್ನು ಎಳೆದೆವು. ಅವಳು ಊ-2ರಲ್ಲಿ ತನ್ನ ಮನೆಯನ್ನು ತಾನೇ ಬರೆದಳು. ಶಿಬಿರದ ಏಳು ದಿನಗಳಲ್ಲಿ ನಾನು ಕಲಿತ ದೊಡ್ಡ ಪಾಠ ಅದೇ.

ನಮ್ಮ ಜಿಲ್ಲೆ ಇಂಥ ಪಾಠಗಳಿಗೆ ಹೇಳಿ ಮಾಡಿಸಿದಂತಿದೆ. ಬಾದಾಮಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತೇವೆ, ಗುಹೆ ತೋರಿಸಿ ಊಟ ಹಾಕಿಸಿ ಮರಳಿ ಕರೆತರುತ್ತೇವೆ. ಆದರೆ ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತರೆ ದಕ್ಷಿಣದ ಗುಡ್ಡದಲ್ಲಿ ಗುಹೆಗಳು, ಉತ್ತರದ ಗುಡ್ಡದಲ್ಲಿ ಕೋಟೆ, ಪೂರ್ವದ ತುದಿಯಲ್ಲಿ ಭೂತನಾಥ ಗುಡಿ, ಪಶ್ಚಿಮಕ್ಕೆ ಊರು. ನಾಲ್ಕು ದಿಕ್ಕುಗಳನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಪಾಠಸಾಲೆ ಎಲ್ಲಿದೆ? ಒಂದೊಂದು ಹಾಳೆ, ಒಂದೊಂದು ಸೀಸಕಡ್ಡಿ ಕೊಟ್ಟರೆ ಸಾಕು.

ದೊಡ್ಡ ಮಕ್ಕಳಿಗೆ ಇನ್ನೊಂದು ಸೋಜಿಗವಿದೆ. ಟೋಪೋಶೀಟುಗಳ ಹಳೆಯ ಅಂಕಿಯ ಕ್ರಮದಲ್ಲಿ ಬಾಗಲಕೋಟೆ 47 ಪಿ, ಹುನಗುಂದ 56 ಡಿ, ಬಾದಾಮಿ 48 ಎಂ, ಇಳಕಲ್ 57 ಎ. ನಾಲ್ಕೂರಿಗೆ ನಾಲ್ಕು ಹಾಳೆ! ಏಕೆಂದರೆ 16 ಡಿಗ್ರಿ ಉತ್ತರ ಅಕ್ಷಾಂಶವೂ 76 ಡಿಗ್ರಿ ಪೂರ್ವ ರೇಖಾಂಶವೂ ಕೂಡುವ ಬಿಂದು ಈ ನಾಲ್ಕು ಊರುಗಳ ನಡುವೆಯೇ ಇದೆ. ಹಾಸು ಹೊಕ್ಕುಗಳ ಒಂದು ದೊಡ್ಡ ಗಂಟು ನಮ್ಮ ಹೊಲಗಳಲ್ಲೇ ಬಿದ್ದಿದೆ. ನಮ್ಮ ಎಷ್ಟು ಸಾಲೆಗಳಲ್ಲಿ ಈ ಮಾತನ್ನು ಮಕ್ಕಳಿಗೆ ಹೇಳುತ್ತಾರೆ?

ಮೊಬೈಲಿನಲ್ಲಿ ನಕಾಶೆ ಇರುವಾಗ ಇದೆಲ್ಲ ಏಕೆ ಎಂದು ಗೆಳೆಯರು ಕೇಳಬಹುದು. ಮೊಬೈಲು ಬಲಕ್ಕೆ ತಿರುಗು, ಎಡಕ್ಕೆ ತಿರುಗು ಎಂದು ಹೇಳುತ್ತದೆ, ನಾವು ತಿರುಗುತ್ತೇವೆ. ಹೇಳಿದಂತೆ ತಿರುಗುವುದು ಓದಲ್ಲ. ಅಜ್ಜನೂ ಹೇಳಿದಲ್ಲಿಯೇ ಹೆಬ್ಬಟ್ಟು ಒತ್ತಿದ್ದ.

ನಮ್ಮ ವರ್ಗದ ಅನೇಕರು ಮುಂದೆ ಬಿ.ಎಡ್. ಮಾಡಿ ಮಾಸ್ತರರಾಗುವವರು. ನಮ್ಮ ಮನೆತನದಲ್ಲಿ ಪದವಿ ಪಡೆಯುವವಳು ನಾನೇ ಮೊದಲಿಗಳು. ನಿಮ್ಮಲ್ಲಿಯೂ ಬಹಳ ಜನ ಹಾಗೆಯೇ. ನೀವು ಸಾಲೆಗೆ ಹೋದ ಮೊದಲ ದಿನ ಗೋಡೆಯ ನಕಾಶೆಯನ್ನು ನೆಲಕ್ಕೆ ಇಳಿಸಿರಿ. ಆಮೇಲೆ ಅಂಗಳದಲ್ಲಿ ಚೌಕಗಳನ್ನು ಎಳೆಯಿರಿ. ಎಳೆದ ಮೇಲೆ, ಯಾವ ಮಗುವಿನ ಮನೆ ಅದರೊಳಗೆ ಬರಲಿಲ್ಲ ಎಂದು ಮರೆಯದೆ ಕೇಳಿರಿ.